ಮೈದಾನದ ಮೇಷ್ಟರು: ಓದುಗರ ಪ್ರಶ್ನೆ, ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರ ಉತ್ತರ

ಪ್ರಶ್ನೆ: ಮೇಷ್ಟರೇ, ನನ್ನ ಮಗಳು ಐರ್ಲೆಂಡಿನ ಗಾಲ್ವೇಯಲ್ಲಿ ನರ್ಸ್. ಒಂಬತ್ತು ವರ್ಷದ ಮೊಮ್ಮಗ ಅಲ್ಲಿನ ಹಳ್ಳಿಯ ಕ್ಲಬ್ಬಿಗೆ ಸೇರಿ ಗೇಲಿಕ್ ಫುಟ್‌ಬಾಲ್ ಆಡುತ್ತಾನಂತೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರಂತೆ. ಇದು ಎಂಥ ಫುಟ್‌ಬಾಲ್? ಮುಂದೆ ಇದರಿಂದ ಸಂಪಾದನೆ ಉಂಟೇ?
— ರೈತರೊಬ್ಬರು, ಜಗಳೂರು

ಉತ್ತರ: ಸಂಪಾದನೆಯ ಮಾತು ಮೊದಲು ಮುಗಿಸಿಬಿಡೋಣ. ಬಿಡಿಗಾಸೂ ಇಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಅಲ್ಲಿ ಫೈನಲ್ ಗೆದ್ದವನೂ ಹೊಟ್ಟೆಪಾಡಿಗೆ ಶಾಲೆಯಲ್ಲೋ ಹೊಲದಲ್ಲೋ ದುಡಿಯಲೇಬೇಕು. 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಮೈಕೆಲ್ ಕ್ಯೂಸಾಕ್ ಮತ್ತು ಸಂಗಡಿಗರು ಕಟ್ಟಿದ, ಈ ಆಟ ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇಂದಿಗೂ ಆಟಗಾರರಿಗೆ ಸಂಬಳ ಕೊಡುವುದಿಲ್ಲ.

ಇನ್ನು ಆಟ. ಒಂದು ಕಡೆಗೆ ಹದಿನೈದು ಜನ. ಚೆಂಡು ಹಿಡಿದು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಅಷ್ಟರಲ್ಲಿ ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದಿಂದ ಚಿಮ್ಮಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಒಂದರ ಹಿಂದೆ ಒಂದರಂತೆ ಎರಡು ಸಲ ಪುಟಿಸಿದರೆ ತಪ್ಪು. ಕೈಯಿಂದ ಎಸೆಯುವುದೂ ತಪ್ಪು, ಮುಷ್ಟಿಯಿಂದಲೋ ಅಂಗೈಯಿಂದಲೋ ಹೊಡೆದು ಕಳಿಸಬೇಕು. ಓಡುತ್ತ ಚೆಂಡನ್ನು ಪಾದದಿಂದ ಕೈಗೆ ಚಿಮ್ಮಿಸುವುದನ್ನು ನಿಮ್ಮ ಮೊಮ್ಮಗ ಕಲಿತಿದ್ದಾನೆಂದರೆ ಭೇಷ್ ಎನ್ನಿ. ನಮ್ಮ ಹೈಸ್ಕೂಲು ಹುಡುಗರನ್ನು ನಿಲ್ಲಿಸಿದರೆ ಮೂರನೆಯ ಹೆಜ್ಜೆಗೇ ಚೆಂಡು ಬೇಲಿಯಾಚೆ ಹೋಗುತ್ತದೆ.

ನನಗೆ ಆಟಕ್ಕಿಂತ ಹಿಡಿಸಿದ್ದು ಕ್ಲಬ್ಬಿನ ಕಟ್ಟುಪಾಡು. ಆಡುವವರು ಸಾಮಾನ್ಯವಾಗಿ ಆ ಊರಿನವರೇ. ಬೇರೆ ಕ್ಲಬ್ಬಿಗೆ ಹೋಗಬೇಕೆಂದರೆ ಅರ್ಜಿ, ಒಪ್ಪಿಗೆ ಎಂದು ಅಲೆಯಬೇಕು. ನಿಮ್ಮ ಮಗಳಿರುವ ಗಾಲ್ವೇ ಕೌಂಟಿಯಲ್ಲೇ ಕೊರೊಫಿನ್ ಎಂಬ ಹಳ್ಳಿಯಿದೆ. ಅದರ ತಂಡ 1998ರಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿ ಗೆದ್ದಿತು. ಆ ಪ್ರಶಸ್ತಿ ಗಾಲ್ವೇ ಸೇರಿದ ಕೊನಾಕ್ಟ್ ಪ್ರಾಂತ್ಯಕ್ಕೆ ಬಂದದ್ದು ಅದೇ ಮೊದಲು. 2015ರಲ್ಲಿ ಮತ್ತೆ ಗೆದ್ದು, 2018, 2019, 2020ರಲ್ಲಿ ಸತತ ಮೂರು ಬಾರಿ ಗೆದ್ದಿತು. ಅದಕ್ಕೂ ಮೊದಲು ಯಾವ ನಗರದ ಕ್ಲಬ್ಬೂ ಹಾಗೆ ಗೆದ್ದಿರಲಿಲ್ಲ.

ನಮ್ಮಲ್ಲಿ ಜಾತ್ರೆಯ ಹೊನಲು ಬೆಳಕಿನ ಕಬಡ್ಡಿಗೆ ಏನು ಮಾಡುತ್ತೇವೆ? ಅಂಗಿಯ ಮೇಲೆ ನಮ್ಮೂರ ಹೆಸರು, ಒಳಗಿರುವ ರೈಡರ್ ಹೊರ ಜಿಲ್ಲೆಯವನು. ಅವನಿಗೆ ದುಡ್ಡು ಕೊಟ್ಟು ಕರೆಸಿ, ನಮ್ಮೂರ ಹುಡುಗನನ್ನು ನೀರು ಕೊಡಲು ಕೂರಿಸುತ್ತೇವೆ. ಕಪ್ಪು ಗೆದ್ದರೂ ಅದು ಯಾರ ಕಪ್ಪು ಸ್ವಾಮಿ? ಪಂದ್ಯಾವಳಿ ನಡೆಸುವವರಿಗೆ ನನ್ನ ಈ ಮಾತು ಕಹಿಯಾಗುತ್ತದೆ, ಆಗಲಿ.

ಮೊಮ್ಮಗನ ವಿಷಯದಲ್ಲಿ ಚಿಂತೆ ಬೇಡ. ಹನ್ನೆರಡು ವರ್ಷದೊಳಗಿನವರಿಗೆ ಅಲ್ಲಿ ‘ಗೋ ಗೇಮ್ಸ್’ ಎಂಬ ಪದ್ಧತಿ ಇದೆ. ಕೈಲಾಗದ ಮಗುವೂ ಆಡಬೇಕು, ಬೆಂಚಿನಲ್ಲಿ ಕೂರಿಸುವಂತಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ಗೇಲಿಕ್ ಫುಟ್‌ಬಾಲ್ ಪಂದ್ಯವೊಂದರ ಫಲಿತಾಂಶ ನೋಡಿದೆ. ಒಂದು ತಂಡಕ್ಕೆ 1-7, ಇನ್ನೊಂದಕ್ಕೆ 0-7 ಎಂದಿತ್ತು. ಇದನ್ನು ಓದುವುದು ಹೇಗೆ?
— ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟ್. ಗೋಲಿನ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದಂತೆ ನಿಂತಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಅದಕ್ಕೆ ಮೂರು ಪಾಯಿಂಟ್. ಮೇಲಿಂದ ಕಂಬಗಳ ನಡುವೆ ಹಾರಿದರೆ ಒಂದು. ಹಾಗಾಗಿ 1-7 ಎಂದರೆ ಹತ್ತು, 0-7 ಎಂದರೆ ಏಳು. ನೀವು ನೋಡಿದ್ದು ಬಹುಶಃ 2020ರ ಫೈನಲ್. ಕೊರೊಫಿನ್ ಹೆಚ್ಚುವರಿ ಸಮಯದಲ್ಲಿ ಕಿಲ್ಕೂ ತಂಡವನ್ನು ಇಷ್ಟರಲ್ಲೇ ಮಣಿಸಿತ್ತು. 2025ರಿಂದ 40 ಮೀಟರ್ ಕಮಾನಿನ ಹೊರಗಿನಿಂದ ಒದ್ದು ಮೇಲೆ ಹಾರಿಸಿದರೆ ಎರಡು ಪಾಯಿಂಟ್.

ಪ್ರಶ್ನೆ: ನಮ್ಮ ಯುವಕ ಸಂಘದ ಕಬಡ್ಡಿ ತಂಡಕ್ಕೆ ಐವತ್ತು ವರ್ಷ. ಸ್ಮರಣ ಸಂಚಿಕೆ ತರುತ್ತಿದ್ದೇವೆ. ಏನೇನು ಬರೆಯಬೇಕು?
— ಸಂಘದ ಕಾರ್ಯದರ್ಶಿ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಆಡಲು ಜಾಗ ಎಲ್ಲಿಂದ ಬಂತು ಎಂಬುದರಿಂದ ಆರಂಭಿಸಿ. ಬ್ರಿಟನ್ನಿನ ಆಳ್ವಿಕೆಯಲ್ಲಿರುವ ಉತ್ತರ ಐರ್ಲೆಂಡಿನ ಕ್ರಾಸ್‌ಮಗ್ಲೆನ್ ಎಂಬ ಪುಟ್ಟ ಊರಿನ ಗೇಲಿಕ್ ಫುಟ್‌ಬಾಲ್ ಕ್ಲಬ್ಬಿನ ಜಾಗದಲ್ಲಿ ಒಂದಿಷ್ಟನ್ನು 1970ರ ದಶಕದಲ್ಲಿ ಬ್ರಿಟಿಷ್ ಸೇನೆ ತನ್ನ ಶಿಬಿರಕ್ಕೆ ಹಿಡಿದುಕೊಂಡಿತ್ತು. ಸೈನಿಕರ ಹೆಲಿಕಾಪ್ಟರ್ ಸದ್ದಿನ ಕೆಳಗೇ ಆಡಿದ ಆ ಕ್ಲಬ್ 1997ರಿಂದ 2012ರೊಳಗೆ ಆರು ಬಾರಿ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿ ಗೆದ್ದಿತು. ಅವರ ಚರಿತ್ರೆ ಹೇಳುವಾಗ ಕಪ್ಪುಗಳಷ್ಟೇ ಮುಖ್ಯವಾಗಿ ಆ ಜಾಗದ ಕಥೆಯೂ ಬರುತ್ತದೆ. ನಿಮ್ಮದು ಗೋಮಾಳವೋ, ಶಾಲೆಯ ಮೈದಾನವೋ, ಯಾರೋ ಬಿಟ್ಟುಕೊಟ್ಟ ಕಣವೋ? ಮುಳ್ಳು ಕಿತ್ತವರು, ಸುಣ್ಣದ ಗೆರೆ ಎಳೆದವರು, ರಾತ್ರಿ ಬಂದ ತಂಡಗಳಿಗೆ ಮುದ್ದೆ ಬೇಯಿಸಿದ ತಾಯಂದಿರು ಯಾರು? ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಸೋತ ವರ್ಷಗಳನ್ನು ನುಂಗಬೇಡಿ. ಹಳೆಯ ಫೋಟೋಗಳಲ್ಲಿ ಹಿಂದಿನ ಸಾಲಿನವರಿಗೂ ಹೆಸರು ಹಾಕಿ.

ಗಣ್ಯರ ಶುಭ ಸಂದೇಶಗಳಿಗೆ ಎರಡು ಪುಟ ಸಾಕು. ಅಷ್ಟೂ ಕಡಿಮೆ ಎಂದು ಮುನಿಸಿಕೊಳ್ಳುವವರಿದ್ದರೆ ಜಾಹೀರಾತಿನ ದರ ಹೇಳಿ ಕಳಿಸಿ.