ಬೈಕಿನ ರಿಮ್‌ನಿಂದ ಹಳೆಯ ಸ್ಟಿಕ್ಕರನ್ನು ಬಣ್ಣ ಕೆಡದಂತೆ ತೆಗೆಯುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡಿದ್ದೀರಿ, ಅದರ ಕಪ್ಪು ಅಲಾಯ್ ಚಕ್ರಗಳಿಗೆ ಹಿಂದಿನವರು ಅಂಟಿಸಿದ್ದ ಕೆಂಪು ರಿಮ್ ಸ್ಟಿಕ್ಕರ್ ಚೂರುಚೂರಾಗಿ ಏಳುತ್ತಿದೆ, ಉಳಿದ ಅಂಟಿಗೆ ಧೂಳು ಮೆತ್ತಿಕೊಂಡಿದೆ. ಬ್ಲೇಡಿನಿಂದ ಕೆರೆಯಲೇ ಅಥವಾ ಥಿನ್ನರ್ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ. ಬ್ಲೇಡು ಬಣ್ಣವನ್ನು ಗೀರುತ್ತದೆ, ಥಿನ್ನರ್ ಅಂಟಿನ ಜೊತೆಗೆ ಬಣ್ಣದ ಮೇಲಿನ ಹೊಳಪಿನ ಪದರವನ್ನೂ ಮೆತ್ತಗಾಗಿಸುತ್ತದೆ. ನನ್ನ ಮೊದಲ ಬೈಕಿನ ಹಿಂದಿನ ಚಕ್ರಕ್ಕೆ ನಾನೇ ಥಿನ್ನರ್ ಹಚ್ಚಿ ಉಜ್ಜಿದಾಗ ಗೇಣುದ್ದದ ಜಾಗ ಹೊಳಪು ಕಳೆದುಕೊಂಡು ಮಂಕಾಯಿತು. ಮತ್ತೆ ಬಣ್ಣ ಹಾಕಿಸುವವರೆಗೂ ಅದು ಸರಿಹೋಗಲಿಲ್ಲ.

ಕೈ ಹಾಕುವ ಮೊದಲು ಎರಡು ವಿಷಯಗಳನ್ನು ನೋಡಿಕೊಳ್ಳಿ. ಸ್ಟಿಕ್ಕರಿನ ಅಂಚಿನ ಮೇಲೆ ಉಗುರು ಆಡಿಸಿದಾಗ ಅಂಚು ತಡೆದರೆ ಅದು ಬಣ್ಣದ ಮೇಲೆ ಅಂಟಿಸಿದ್ದು, ತೆಗೆಯಬಹುದು. ಉಗುರು ಎಲ್ಲೂ ತಡೆಯದೆ ನುಣ್ಣಗೆ ಜಾರಿದರೆ ಅದು ಕಂಪನಿಯಲ್ಲೇ ಪಾರದರ್ಶಕ ಲೇಪನದ ಅಡಿಯಲ್ಲಿ ಸೇರಿಸಿದ ಪಟ್ಟಿಯಾಗಿರುವ ಸಾಧ್ಯತೆ ಹೆಚ್ಚು, ಅದನ್ನು ತೆಗೆಯಲು ಹೋದರೆ ಚಕ್ರಕ್ಕೇ ಹೊಸ ಬಣ್ಣ ಬೇಕಾಗುತ್ತದೆ. ಎರಡನೆಯದಾಗಿ, ರಿಮ್‌ನ ಮೇಲೆ ಒಂದೆರಡು ಕಡೆ ಬೂದು ಬಣ್ಣದ ಸಣ್ಣ ಲೋಹದ ತುಂಡುಗಳು ಅಂಟಿಕೊಂಡಿದ್ದರೆ ಅವುಗಳನ್ನು ಮುಟ್ಟಬೇಡಿ. ಸಾಮಾನ್ಯವಾಗಿ 5 ಅಥವಾ 10 ಗ್ರಾಂ ತೂಗುವ ಈ ತುಂಡುಗಳು ಚಕ್ರದ ಸಮತೋಲಕ್ಕಾಗಿ ಹಾಕಿದವು. ಅವು ಕಿತ್ತುಹೋದರೆ ವೇಗ ಹೆಚ್ಚಿದಂತೆ ಹ್ಯಾಂಡಲ್ ನಡುಗಬಹುದು.

ಸ್ಟಿಕ್ಕರ್ ಚೂರಾಗುವುದಕ್ಕೆ ಕಾರಣ ಬಿಸಿಲು. ಸ್ಟಿಕ್ಕರಿನ ಪ್ಲಾಸ್ಟಿಕ್ ಹಾಳೆಯಾದ ವಿನೈಲನ್ನು ಮೆತ್ತಗೆ ಇಟ್ಟಿರುವ ಅಂಶ ವರ್ಷಗಳ ಬಿಸಿಲಿಗೆ ಹೊರಟುಹೋಗಿ ಹಾಳೆ ಒಣಗಿದ ತರಗೆಲೆಯಂತೆ ಪೆಡಸಾಗುತ್ತದೆ, ಆದರೆ ಅದರಡಿಯ ಅಂಟು ಮಾತ್ರ ಬಣ್ಣವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಹಾಗಾಗಿ ಇಲ್ಲಿ ಬಲಕ್ಕಿಂತ ಬಿಸಿ ಕೆಲಸ ಮಾಡುತ್ತದೆ. ಮನೆಯಲ್ಲಿ ಕೂದಲು ಒಣಗಿಸುವ ಹೇರ್ ಡ್ರೈಯರ್ ಇದ್ದರೆ ಸಾಕು. ಚಕ್ರವನ್ನು ಚೆನ್ನಾಗಿ ತೊಳೆದು ಒರೆಸಿ, ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಾಲ್ಕು ಬೆರಳಗಲದಷ್ಟು ಜಾಗಕ್ಕೆ ಅರ್ಧ ನಿಮಿಷ ಬಿಸಿಗಾಳಿ ಹಿಡಿದು, ತುದಿಯನ್ನು ಉಗುರಿನಿಂದಲೋ ಹಳೆಯ ಎಟಿಎಂ ಕಾರ್ಡಿನಿಂದಲೋ ಎಬ್ಬಿಸಿ, ನೇರವಾಗಿ ಹೊರಕ್ಕೆ ಎಳೆಯದೆ ರಿಮ್‌ಗೆ ತಾಗುವಂತೆ ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಸುಲಿಯುತ್ತಾ ಹೋಗಿ. ಡ್ರೈಯರ್ ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿಟ್ಟರೂ ಅಂಟು ಸಾಕಷ್ಟು ಸಡಿಲವಾಗುತ್ತದೆ. ಬಣ್ಣ ಕೆರೆಯಲು ಬಳಸುವ ಹೀಟ್ ಗನ್ ಬೇಡ. ಅದರ ಶಾಖ ನೂರಾರು ಡಿಗ್ರಿ ದಾಟುತ್ತದೆ, ಬಣ್ಣಕ್ಕೂ ಟೈರಿಗೂ ಅಪಾಯ.

ಹಾಳೆ ಹೋದ ಮೇಲೆ ಉಳಿಯುವ ಅಂಟಿಗೆ ನಾನು ಬಳಸುವುದು ನೀಲಗಿರಿ ಎಣ್ಣೆ. ಸೀಮೆಎಣ್ಣೆಯೂ ಆಗುತ್ತದೆ, ತೆಂಗಿನೆಣ್ಣೆಯೂ ಆಗುತ್ತದೆ, ಆದರೆ ತೆಂಗಿನೆಣ್ಣೆಗೆ ಹೆಚ್ಚು ಹೊತ್ತು ಬೇಕು. ಯಾವುದನ್ನೇ ಆಗಲಿ ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡಿ. ಹತ್ತಿ ಬಟ್ಟೆಗೆ ಎಣ್ಣೆ ಹಾಕಿ ಅಂಟಿನ ಮೇಲೆ ಐದಾರು ನಿಮಿಷ ಒತ್ತಿಟ್ಟರೆ ಅಂಟು ಉಬ್ಬಿ, ಬೆರಳಲ್ಲಿ ಉಜ್ಜಿದಾಗ ಉಂಡೆಯುಂಡೆಯಾಗಿ ಬರುತ್ತದೆ. ಪೆಟ್ರೋಲ್ ಸುಲಭವಾಗಿ ಸಿಗುತ್ತದೆಂದು ಅದನ್ನು ಬಳಸುವವರಿದ್ದಾರೆ. ಅದರ ಆವಿಗೆ ಒಂದು ಕಿಡಿ ಸಾಕು, ಹೇರ್ ಡ್ರೈಯರ್ ಹಿಡಿದ ಜಾಗದಲ್ಲಂತೂ ಅದರ ಮಾತೇ ಬೇಡ. ನೀಲಗಿರಿ ಎಣ್ಣೆಗೂ ಸೀಮೆಎಣ್ಣೆಗೂ ಬೆಂಕಿ ಹತ್ತುತ್ತದೆ, ಆದ್ದರಿಂದ ಬಿಸಿಯ ಕೆಲಸ ಪೂರ್ತಿ ಮುಗಿದು ರಿಮ್ ತಣ್ಣಗಾದ ಮೇಲೆಯೇ ಅವುಗಳನ್ನು ಹೊರತೆಗೆಯಿರಿ.

ಇಡೀ ಕೆಲಸದಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಬ್ರೇಕಿನ ವಿಷಯದಲ್ಲಿ. ಎಣ್ಣೆಯನ್ನು ಎಂದಿಗೂ ರಿಮ್ ಮೇಲೆ ಸುರಿಯಬೇಡಿ, ಸ್ಪ್ರೇ ಮಾಡಬೇಡಿ. ಬಟ್ಟೆಗೆ ಹಾಕಿಕೊಂಡೇ ಒರೆಸಿ, ಬ್ರೇಕಿನ ಲೋಹದ ತಟ್ಟೆಯಾದ ಡಿಸ್ಕಿಗೂ ಪ್ಯಾಡ್‌ಗಳಿಂದ ಅದನ್ನು ಒತ್ತಿ ಹಿಡಿಯುವ ಕ್ಯಾಲಿಪರಿಗೂ ಪ್ಲಾಸ್ಟಿಕ್ ಚೀಲ ಸುತ್ತಿಡಿ. ಡಿಸ್ಕಿನ ಮೇಲೆ ಬಿದ್ದ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ತೆಗೆಯಬಹುದು, ಆದರೆ ಬ್ರೇಕ್ ಪ್ಯಾಡ್ ಎಣ್ಣೆ ಕುಡಿದರೆ ಅದನ್ನು ಬದಲಿಸುವುದೇ ಸರಿ. ಹಿಂದಿನ ಚಕ್ರವನ್ನು ಎಂಜಿನ್ ಚಾಲೂ ಮಾಡಿ ಗೇರಿನಲ್ಲಿ ತಿರುಗಿಸುತ್ತಾ ಒರೆಸುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಬಟ್ಟೆ ಚೈನಿಗೆ ಸಿಕ್ಕಿದರೆ ಅದರ ಹಿಂದೆಯೇ ಬೆರಳೂ ಹೋಗುತ್ತದೆ. ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿಟ್ಟು, ಕೈಯಿಂದಲೇ ತಿರುಗಿಸಿಕೊಳ್ಳಿ. ಕೊನೆಯಲ್ಲಿ ಶಾಂಪೂ ನೀರಿನಿಂದ ತೊಳೆದು, ಮನೆಯ ಹತ್ತಿರವೇ ಮೆಲ್ಲಗೆ ಓಡಿಸಿ ಎರಡೂ ಬ್ರೇಕ್ ಹಿಡಿಯುವುದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ರಸ್ತೆಗೆ ಇಳಿಯಿರಿ.

ಸ್ಟಿಕ್ಕರ್ ಇದ್ದ ಜಾಗ ಸುತ್ತಲಿನದಕ್ಕಿಂತ ಹೆಚ್ಚು ಕಪ್ಪಾಗಿ ಕಂಡರೆ ಗಾಬರಿಯಾಗಬೇಡಿ, ಅಲ್ಲಿನ ಬಣ್ಣಕ್ಕೆ ಬಿಸಿಲು ತಾಗಿಲ್ಲ ಅಷ್ಟೇ. ಸುತ್ತಲಿನ ಭಾಗಕ್ಕೆ ಬಣ್ಣದ ಮೇಲ್ಪದರವನ್ನು ತುಸುವೇ ಸವೆಸಿ ಹೊಳಪು ತರುವ ನವಿರಾದ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿದರೆ ವ್ಯತ್ಯಾಸ ಬಹುಪಾಲು ತಗ್ಗುತ್ತದೆ. ಬಣ್ಣ ಹೊಳಪಿಲ್ಲದ ಮ್ಯಾಟ್ ಬಗೆಯದಾದರೆ ಮಾತ್ರ ಕಾಂಪೌಂಡ್ ಮುಟ್ಟಿಸಬೇಡಿ, ಅಲ್ಲಲ್ಲಿ ಹೊಳಪು ಬಂದು ಕೆಡುತ್ತದೆ.

ಇನ್ನು ದಿನನಿತ್ಯದ ಶುಚಿ. ಮುಂದಿನ ಚಕ್ರದ ಕಪ್ಪು ಪುಡಿ ಬಹುತೇಕ ಪ್ಯಾಡ್ ಮತ್ತು ಡಿಸ್ಕ್ ಸವೆದು ಬಂದದ್ದು, ಹಿಂದಿನ ಚಕ್ರದ ಜಿಡ್ಡು ಚೈನಿಗೆ ಹಾಕುವ ಎಣ್ಣೆ, ಅಂದರೆ ಚೈನ್ ಲ್ಯೂಬ್, ಸಿಡಿದು ಬಂದದ್ದು. ಲ್ಯೂಬ್ ಹಾಕಿದ ಮೇಲೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಚೈನನ್ನು ಒಣಬಟ್ಟೆಯಿಂದ ಒರೆಸಿದರೆ ಸಿಡಿಯುವುದು ಬಹಳ ಕಡಿಮೆಯಾಗುತ್ತದೆ. ಚಕ್ರ ತಣ್ಣಗಿರುವಾಗ ವಾಹನದ ಶಾಂಪೂ ಮತ್ತು ಮೆತ್ತನೆಯ ಸ್ಪಂಜಿನಿಂದ ತೊಳೆಯಿರಿ, ಪಾತ್ರೆ ತಿಕ್ಕುವ ಹಸಿರು ನಾರನ್ನು ಹತ್ತಿರ ತರಬೇಡಿ. ಬೆಂಗಳೂರಿನ ಬಹುತೇಕ ಬೋರ್‌ವೆಲ್‌ಗಳಂತೆ ನಿಮ್ಮಲ್ಲಿಯೂ ಗಡಸು ನೀರಿದ್ದರೆ, ಅದು ತಾನಾಗಿ ಆರಲು ಬಿಟ್ಟಾಗ ಕಪ್ಪು ರಿಮ್ ಮೇಲೆ ಬಿಳಿ ಚುಕ್ಕೆಗಳು ಉಳಿಯುತ್ತವೆ, ಆದ್ದರಿಂದ ತೊಳೆದ ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಎರಡು ಮೂರು ತಿಂಗಳಿಗೊಮ್ಮೆ ರಿಮ್‌ಗೆ ಮಾತ್ರ ತೆಳುವಾಗಿ ವ್ಯಾಕ್ಸ್ ಹಚ್ಚಿದರೆ ಪುಡಿ ಕಚ್ಚಿಕೊಳ್ಳದೆ ನೀರಿಗೇ ಬಿಟ್ಟುಬರುತ್ತದೆ. ಹೊಸ ಸ್ಟಿಕ್ಕರ್ ಅಂಟಿಸುವ ಮನಸ್ಸಿದ್ದರೆ ಅದನ್ನು ವ್ಯಾಕ್ಸ್ ಹಚ್ಚುವ ಮೊದಲೇ ಅಂಟಿಸಿ, ವ್ಯಾಕ್ಸಿನ ಮೇಲೆ ಅಂಟು ನಿಲ್ಲುವುದಿಲ್ಲ.