ಬಿಳಿ ಬೋರ್ಡಿನ ಕಾರಿನಲ್ಲಿ ಕಾಫಿ ಪುಡಿ ಸಾಗಿಸಿದರೆ ವಿಮೆ ಸಿಗುವುದೇ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ತಾಲ್ಲೂಕಿನಲ್ಲಿ ಮೂರು ಎಕರೆ ತೋಟ. ನಮ್ಮದೇ ಕಾಫಿಯನ್ನು ಹುರಿದು ಪುಡಿ ಮಾಡಿಸಿ, ಪೊಟ್ಟಣ ಕಟ್ಟಿ, ವಾರಕ್ಕೆರಡು ಬಾರಿ ಪೇಟೆಯ ಅಂಗಡಿಗಳಿಗೂ ಬೇಲೂರಿನ ಕೆಲವು ಹೋಟೆಲುಗಳಿಗೂ ಸ್ವಂತ ಕಾರಿನಲ್ಲಿ ತಲುಪಿಸುತ್ತೇನೆ. ಮನೆಯ ಎರಡು ಕೋಣೆಗಳಲ್ಲಿ ಹೋಂಸ್ಟೇ ಇದೆ. ಅತಿಥಿಗಳನ್ನು ನಮ್ಮ ಯಜಮಾನರು ಕಡೂರು ರೈಲು ನಿಲ್ದಾಣದಿಂದ ಕರೆತಂದು ಪೆಟ್ರೋಲ್ ಖರ್ಚೆಂದು ಹಣ ಪಡೆಯುತ್ತಾರೆ. ಕಾರಿಗೆ ‘ಫುಲ್ ಇನ್ಶೂರೆನ್ಸ್’ ಇದೆ, ಏಜೆಂಟರು ಏನೂ ತೊಂದರೆಯಿಲ್ಲ ಎನ್ನುತ್ತಾರೆ. ಅಪಘಾತವಾದರೆ ವಿಮೆ ಸಿಗುತ್ತದೆಯೇ?
– ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ನಿಮ್ಮ ಏಜೆಂಟರ ಮಾತನ್ನು ನಂಬಿ ಕೂರಬೇಡಿ. ‘ಫುಲ್ ಇನ್ಶೂರೆನ್ಸ್’ ಎಂದರೆ ಥರ್ಡ್ ಪಾರ್ಟಿ ಹೊಣೆಯ (ನಿಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ ಹೊಣೆ) ಜೊತೆಗೆ ನಿಮ್ಮ ಕಾರಿಗಾಗುವ ಹಾನಿಗೂ ರಕ್ಷಣೆಯಿದೆ ಎಂದಷ್ಟೇ ಅರ್ಥ. ಕಾರನ್ನು ಯಾವ ಕೆಲಸಕ್ಕೆ ಬಳಸಿದರೂ ಹಣ ಕೊಡುತ್ತೇವೆಂದು ಕಂಪನಿ ಅದರಲ್ಲಿ ಒಪ್ಪಿಕೊಂಡಿಲ್ಲ. ಪಾಲಿಸಿಯನ್ನು ತೆಗೆದು, ಸಣ್ಣ ಅಕ್ಷರಗಳ ನಡುವೆ ‘ಲಿಮಿಟೇಶನ್ಸ್ ಆ್ಯಸ್ ಟು ಯೂಸ್’ (ಬಳಕೆಯ ಮಿತಿಗಳು) ಎಂಬ ಸಾಲನ್ನು ಹುಡುಕಿ. ಖಾಸಗಿ ಕಾರಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಓಡಿಸುವುದು, ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸುವುದು, ರೇಸು, ವಾಹನ ವ್ಯಾಪಾರಕ್ಕೆ ಸಂಬಂಧಿಸಿದ ಬಳಕೆ, ಇವೆಲ್ಲ ರಕ್ಷಣೆಯಿಂದ ಹೊರಗೆ ಎಂದು ಅಲ್ಲಿ ಬರೆದಿರುತ್ತದೆ.

ಈ ಸಾಲಿನ ಬೆಳಕಿನಲ್ಲಿ ನಿಮ್ಮ ಓಡಾಟವನ್ನು ನೋಡೋಣ. ವ್ಯಾಪಾರದ ಲೆಕ್ಕಕ್ಕಾಗಿ ಬ್ಯಾಂಕಿಗೆ ಹೋಗುವುದಕ್ಕೂ, ಹೊಸ ಹೋಟೆಲೊಂದಕ್ಕೆ ಎರಡು ಪೊಟ್ಟಣ ಮಾದರಿ ತೋರಿಸಲು ಹೋಗುವುದಕ್ಕೂ ಅಡ್ಡಿಯಿಲ್ಲ. ಆದರೆ ಹಿಂದಿನ ಸೀಟು ಮಡಚಿ, ಡಿಕ್ಕಿಯ ತುಂಬ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ಬಿಲ್ ಪುಸ್ತಕದೊಂದಿಗೆ ಬೇಲೂರಿಗೆ ಹೊರಟರೆ ಅದು ಸರಕು ಸಾಗಣೆ. ಸರಕು ನಿಮ್ಮದೇ ಎಂಬುದರಿಂದ ಇದು ಬದಲಾಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯೂ ಸರಕಿಗೆಂದೇ ತಯಾರಾಗದ ವಾಹನವನ್ನು ಸರಕು ಒಯ್ಯಲು ಬಳಸಿದಾಗ ಅದನ್ನು ಸರಕು ವಾಹನವೆಂದೇ ಕರೆಯುತ್ತದೆ.

ನನಗೆ ಹೆಚ್ಚು ಆತಂಕವಾಗಿರುವುದು ಕಡೂರಿನ ಓಡಾಟದ ಬಗ್ಗೆ. ‘ಪೆಟ್ರೋಲ್ ಖರ್ಚು’ ಎಂದು ನೀವು ಹೆಸರಿಟ್ಟರೂ ಅತಿಥಿಯ ಫೋನಿನಲ್ಲಿ ಹಣ ಪಾವತಿಯ ಸಂದೇಶ ಉಳಿದಿರುತ್ತದೆ, ವಿಮಾ ಕಂಪನಿ ಅದನ್ನೇ ಹಿಡಿದು ಇದು ಬಾಡಿಗೆ ಎಂದು ವಾದಿಸುತ್ತದೆ. ಅಂಥ ಸಂದರ್ಭದಲ್ಲಿ ದಾರಿಯಲ್ಲಿ ಯಾರಿಗಾದರೂ ಡಿಕ್ಕಿಯಾಗಿ ನ್ಯಾಯಮಂಡಳಿಯು ಪರಿಹಾರ ವಿಧಿಸಿದರೆ, ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಲಾಗಿತ್ತು ಎಂಬ ಆಕ್ಷೇಪವನ್ನು ಎತ್ತಲು ಕಾಯ್ದೆಯ 150ನೇ ಕಲಮು ಕಂಪನಿಗೆ ಅವಕಾಶ ಕೊಡುತ್ತದೆ. ಕಂಪನಿಯೇ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸಿದ ಉದಾಹರಣೆಗಳು ಬಹಳ ಇವೆ. ಹಾಗಾದಲ್ಲಿ ಗಾಯಾಳುವಿಗೆ ಅನ್ಯಾಯವಾಗುವುದಿಲ್ಲ, ಆದರೆ ಆ ಇಡೀ ಮೊತ್ತದ ಹೊರೆ ನಿಮ್ಮ ಮೂರು ಎಕರೆಯ ಮೇಲೆ ಬಂದು ಕೂರುತ್ತದೆ. ಬಂಪರ್ ಮುರಿದದ್ದಕ್ಕೆ ಹಣ ಸಿಗದಿದ್ದರೆ ಸಹಿಸಬಹುದು, ಇದನ್ನು ಸಹಿಸುವುದು ಕಷ್ಟ. ಇದಲ್ಲದೆ, ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೂ 192ಎ ಕಲಮಿನಂತೆ 10,000 ರೂಪಾಯಿ ದಂಡ ಮತ್ತು ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ.

ಸ್ವಂತ ಕಾರಿನ ಹಾನಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಸಮಾಧಾನವಿದೆ. ಖಾಸಗಿ ವಿಮೆಯಿದ್ದು ಬಾಡಿಗೆಗೆ ಓಡುತ್ತಿದ್ದ ವಾಹನವೊಂದು ಕಳುವಾದಾಗ, ಕ್ಲೇಮನ್ನು ಪೂರ್ತಿ ತಳ್ಳಿಹಾಕದೆ ಶೇಕಡ 75ರಷ್ಟು ಕೊಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿಹಿಡಿಯಿತು. ಹೀಗೆ ಕಡಿತ ಮಾಡಿ ಕೊಡುವುದನ್ನು ‘ನಾನ್ ಸ್ಟ್ಯಾಂಡರ್ಡ್’ ಇತ್ಯರ್ಥ ಎನ್ನುತ್ತಾರೆ. ಕಂಪನಿ ನಿಮ್ಮ ಕ್ಲೇಮನ್ನು ತಿರಸ್ಕರಿಸಿದರೆ ಇದನ್ನು ಲಿಖಿತವಾಗಿ ಕೇಳಿ. ಒಪ್ಪದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಹಾನಿಯನ್ನು ಅಂದಾಜು ಮಾಡುವ ವಿಮಾ ಸರ್ವೇಯರ್ ಬಂದು ಕೇಳಿದಾಗ ಎಲ್ಲಿಗೆ, ಏಕೆ ಹೊರಟಿದ್ದಿರಿ ಎಂಬುದನ್ನು ಇದ್ದಂತೆಯೇ ಹೇಳಿ. ಸುಳ್ಳು ಹೇಳಿದ್ದು ಬಯಲಾದರೆ ಆ 75ರ ದಾರಿಯೂ ಮುಚ್ಚಬಹುದು.

ಇನ್ನು ಮುಂದೆ ಅತಿಥಿಗಳಿಗೆ ಊರಿನ ಹಳದಿ ಬೋರ್ಡಿನ ಟ್ಯಾಕ್ಸಿಯೊಂದನ್ನು ಗೊತ್ತುಮಾಡಿ, ಬಾಡಿಗೆಯನ್ನು ಅವರೇ ನೇರವಾಗಿ ಚಾಲಕರಿಗೆ ಕೊಡಲಿ. ಪುಡಿಯ ವಿಷಯದಲ್ಲಿ, ವಾರಕ್ಕೆ ಎಷ್ಟು ಬಾರಿ, ಎಷ್ಟು ತೂಕ, ಎಲ್ಲಿಗೆ ಎಂದು ವಿವರಿಸಿ ಕಂಪನಿಗೆ ಇಮೇಲ್ ಕಳುಹಿಸಿ ಲಿಖಿತ ಉತ್ತರ ಪಡೆಯಿರಿ, ಏಕೆಂದರೆ ಕ್ಲೇಮಿನ ದಿನ ಏಜೆಂಟರ ಬಾಯಿಮಾತಿಗೆ ಬೆಲೆಯಿರುವುದಿಲ್ಲ. ಅವರು ಒಪ್ಪದಿದ್ದರೆ, ಪುಡಿಯನ್ನು ಬಾಡಿಗೆಯ ಗೂಡ್ಸ್ ಗಾಡಿಯಲ್ಲಿ ಕಳುಹಿಸುವುದು ಸದ್ಯಕ್ಕೆ ಸುರಕ್ಷಿತ. ವ್ಯಾಪಾರ ಬೆಳೆದರೆ ಹಳದಿ ಬೋರ್ಡಿನ ಸಣ್ಣ ಗೂಡ್ಸ್ ವಾಹನವನ್ನೇ ಕೊಳ್ಳಬಹುದು. ಒಟ್ಟು ತೂಕ 3,000 ಕಿಲೋ ಮೀರದ ಗೂಡ್ಸ್ ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಎಫ್‌ಸಿ (ವಾಹನ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮತ್ತು ವಾಣಿಜ್ಯ ವಿಮೆ ಬೇಕು. ಆ ವಿಮೆ ದುಬಾರಿ ಎಂಬುದು ನಿಜ: 2022ರ ದರಪಟ್ಟಿಯಲ್ಲಿ 1000ದಿಂದ 1500 ಸಿಸಿ ಖಾಸಗಿ ಕಾರಿನ ಥರ್ಡ್ ಪಾರ್ಟಿ ಕಂತು 3,416 ರೂಪಾಯಿ, 7,500 ಕಿಲೋವರೆಗಿನ ಗೂಡ್ಸ್ ವಾಹನದ್ದು 16,049 ರೂಪಾಯಿ. ವಾಹನ ಯಾವುದೇ ಇರಲಿ, ಮಗುಚಿ ಪುಡಿ ಮಳೆನೀರಿನಲ್ಲಿ ನೆನೆದುಹೋದರೆ ಆ ನಷ್ಟವನ್ನು ವಾಹನ ವಿಮೆ ತುಂಬುವುದಿಲ್ಲ. ಸರಕಿಗೆ ಪ್ರತ್ಯೇಕವಾಗಿ ಟ್ರಾನ್ಸಿಟ್ ವಿಮೆ ಮಾಡಿಸಬೇಕು.

ಪ್ರಶ್ನೆ: ನಾನು ಹಾಸನದಲ್ಲಿ ತೆರಿಗೆ ಸಲಹೆಗಾರ. ಕಕ್ಷಿದಾರರ ಕಡತಗಳೊಂದಿಗೆ ನನ್ನ ಕಾರಿನಲ್ಲಿಯೇ ಓಡಾಡುತ್ತೇನೆ, ಕೆಲವೊಮ್ಮೆ ಸಂಬಳದ ಚಾಲಕ ಓಡಿಸುತ್ತಾನೆ. ನನಗೂ ವಾಣಿಜ್ಯ ವಿಮೆ ಬೇಕೇ?
– ಓದುಗರು, ಹಾಸನ

ಉತ್ತರ: ಬೇಡ. ಮಾಲೀಕರ ವೃತ್ತಿಯ ಓಡಾಟ ಖಾಸಗಿ ಪಾಲಿಸಿಯೊಳಗೇ ಬರುತ್ತದೆ. ಆದರೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಮಾಲೀಕರಾದ ನಿಮ್ಮ ಹೆಸರಿನಲ್ಲಿದೆಯೇ ಹೊರತು ಚಾಲಕನಿಗೆ ಅನ್ವಯಿಸುವುದಿಲ್ಲ. ಅವನಿಗಾಗಿ ‘ಪೇಯ್ಡ್ ಡ್ರೈವರ್’ ಹೊಣೆಯನ್ನು ಪಾಲಿಸಿಗೆ ಸೇರಿಸಿಕೊಳ್ಳಿ. ಅದರ ಹೆಚ್ಚುವರಿ ಕಂತು ಬಹಳ ಚಿಕ್ಕದು. ಮುಂದಿನ ನವೀಕರಣದವರೆಗೆ ಕಾಯದೆ ಈ ವಾರವೇ ಮಾಡಿಸಿ.