ಓದುಗರ ಪ್ರಶ್ನೆ: ಆಯುಷ್ಮಾನ್ ಕಾರ್ಡಿಗೆ ಬೆರಳಚ್ಚು ಹೊಂದದಿದ್ದರೆ, ಸೊಸೆಯ ಹೆಸರು ಸೇರದಿದ್ದರೆ

ಪ್ರಶ್ನೆ: ನಮ್ಮ ಅತ್ತೆಯವರಿಗೆ 68 ವರ್ಷ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಲ್ಲಿ ಅರ್ಧ ಆಯುಷ್ಯ ಕಳೆದವರು. ಆಯುಷ್ಮಾನ್ ಕಾರ್ಡ್ ಮಾಡಿಸಲು ಎರಡು ಸಲ ಗ್ರಾಮ ಒನ್ ಕೇಂದ್ರಕ್ಕೆ ಕರೆದುಕೊಂಡು ಹೋದರೂ ಬೆರಳಚ್ಚು ಹೊಂದಲಿಲ್ಲ. ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ನಂಬರು ತೀರಿಕೊಂಡ ಮಾವನವರದು. ಆ ಸಿಮ್ ಈಗ ಇಲ್ಲ. ಮುಂದೇನು ಮಾಡಬೇಕು?
(ಬ್ಯಾಡಗಿ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ಅತ್ತೆಯವರದು ಒಬ್ಬರ ತೊಂದರೆಯಲ್ಲ. ಗಾರೆ ಕೆಲಸದವರು, ನೇಕಾರರು, ಹೊಲದಲ್ಲಿ ದುಡಿದವರು, ವಯಸ್ಸಾದವರು, ಹೀಗೆ ಯಾರಿಗೆ ಈ ಕಾರ್ಡ್ ಎಲ್ಲರಿಗಿಂತ ಮೊದಲು ಬೇಕೋ ಅವರ ಬೆರಳಿನ ಗೆರೆಗಳೇ ಮೊದಲು ಸವೆದಿರುತ್ತವೆ. ಧಾರವಾಡ ತಾಲ್ಲೂಕಿನ ಒಂದು ಕೇಂದ್ರದಲ್ಲಿ ಒಂದು ಮುಂಜಾನೆ ಕುಳಿತು ನೋಡಿದ್ದೇನೆ. ಅಜ್ಜಿಯೊಬ್ಬರು ಹೆಬ್ಬೆರಳನ್ನು ಸೀರೆಯ ಸೆರಗಿಗೆ ಒರೆಸಿ ಯಂತ್ರದ ಮೇಲೆ ಒತ್ತಿದರು, ಆಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೊಮ್ಮೆ ಒತ್ತಿದರು, ಆಗಲೂ ಇಲ್ಲ. ಹತ್ತೂ ಬೆರಳು ಮುಗಿದ ಮೇಲೆ ಅಲ್ಲಿದ್ದ ಹುಡುಗ ಅವರನ್ನು ಬಾಗಿಲ ಬೆಳಕಿಗೆ ಕರೆದು, ಮೊಬೈಲನ್ನು ಮುಖದ ಎದುರು ಹಿಡಿದು, ‘ಒಮ್ಮೆ ಕಣ್ಣು ಮಿಟುಕಿಸ್ರೀ ಅಮ್ಮಾ’ ಎಂದ. ಅವರು ಮಿಟುಕಿಸಿದರು, ಗುರುತು ಹೊಂದಿತು.

ನೀವು ಕೇಳಬೇಕಾದುದು ಅದನ್ನೇ. ಆಯುಷ್ಮಾನ್ ನೋಂದಣಿಯಲ್ಲಿ ಗುರುತು ದೃಢಪಡಿಸಲು ಬೆರಳಚ್ಚು ಮತ್ತು ಮೊಬೈಲಿಗೆ ಬರುವ ಒಟಿಪಿಯ ಜೊತೆಗೆ ಕಣ್ಣಿನ ಪಾಪೆ ಹಾಗೂ ಮುಖದ ಗುರುತಿಗೂ ಅವಕಾಶವಿದೆ. ಆದ್ದರಿಂದ ಕೇಂದ್ರದವರು ಬೆರಳು ಹೊಂದಲಿಲ್ಲವೆಂದು ಹೇಳಿದಾಗ ಎದ್ದು ಬರಬೇಡಿ; ಮುಖದ ಗುರುತಿನಿಂದ ಮಾಡಿಕೊಡಿ ಎಂದು ಕೇಳಿ. ಮುಖಕ್ಕೆ ಸರಿಯಾಗಿ ಬೆಳಕು ಬೀಳಬೇಕು, ತಲೆಯ ಮೇಲಿನ ಸೆರಗು ಹಣೆಯನ್ನು ಮುಚ್ಚಬಾರದು. ಮನೆಯಲ್ಲಿ ಒಳ್ಳೆಯ ಮೊಬೈಲ್ ಇದ್ದರೆ ಆಯುಷ್ಮಾನ್ ಆ್ಯಪ್‌ನಲ್ಲಿ ಈ ಕೆಲಸವನ್ನು ನೀವೇ ಮಾಡಲು ಬರುತ್ತದೆ.

ಇದರೊಂದಿಗೆ ಅವರನ್ನು ಒಮ್ಮೆ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ನಿಮ್ಮ ಇಲ್ಲವೇ ನಿಮ್ಮ ಯಜಮಾನರ ನಂಬರನ್ನು ಜೋಡಿಸಿ, ಬೆರಳಚ್ಚನ್ನೂ ಹೊಸದಾಗಿ ಕೊಡಿಸಿ. ಒಂದು ದಿನದ ಕೂಲಿ ಹೋಗಬಹುದು, ಆದರೆ ಆಸ್ಪತ್ರೆಯ ಕಿಟಕಿಯ ಮುಂದೆ ರೋಗಿಯನ್ನು ಮಲಗಿಸಿಕೊಂಡು ಇದೇ ಒದ್ದಾಟವನ್ನು ಮಾಡುವುದಕ್ಕಿಂತ ಅದು ಎಷ್ಟೋ ಮೇಲು.

ಪ್ರಶ್ನೆ: ನಮ್ಮದು ಬಿಪಿಎಲ್ ಪಡಿತರ ಚೀಟಿ. ಮನೆಯಲ್ಲಿ ಎಲ್ಲರಿಗೂ ಕಾರ್ಡ್ ಆಗಿದೆ. ಸೊಸೆಗೆ ಮತ್ತು 7 ತಿಂಗಳ ಮೊಮ್ಮಗನಿಗೆ ಮಾತ್ರ ಆಗುತ್ತಿಲ್ಲ. ಕುಟುಂಬದಲ್ಲಿ ಹೆಸರಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲೇ ಇರುವವರು ನಮ್ಮ ಕುಟುಂಬದವರಲ್ಲವೇ?
(ಗದಗ-ಬೆಟಗೇರಿಯ ಓದುಗರು)

ಉತ್ತರ: ನಿಮ್ಮ ನೋವು ನ್ಯಾಯವಾದದ್ದು. ಆದರೆ ಗಣಕಯಂತ್ರಕ್ಕೆ ಕುಟುಂಬವೆಂದರೆ ಪಡಿತರ ಚೀಟಿಯಲ್ಲಿರುವ ಹೆಸರುಗಳು ಮಾತ್ರ. ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯು 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೊಂದಿಗೆ ಒಂದಾದಾಗಿನಿಂದ ನಮ್ಮ ರಾಜ್ಯದಲ್ಲಿ ಪಡಿತರ ಚೀಟಿಯೇ ಅದರ ಬಾಗಿಲು. ನಿಮ್ಮ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಉಳಿದಿರಬೇಕು. ಮೊದಲು ಅಲ್ಲಿ ತೆಗೆಸಿ, ಆಮೇಲೆ ನಿಮ್ಮ ಚೀಟಿಗೆ ಸೇರಿಸಬೇಕು. ಎರಡು ಕಡೆ ಹೆಸರಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಆಹಾರ ಇಲಾಖೆಯು ತಿದ್ದುಪಡಿಗೆ ಅವಕಾಶ ಕೊಟ್ಟಿರುವ ದಿನಗಳನ್ನು ವಿಚಾರಿಸಿಕೊಂಡು, ಆಧಾರ್, ಮದುವೆಗೆ ಸಂಬಂಧಿಸಿದ ದಾಖಲೆ ಮತ್ತು ಮಗುವಿನ ಜನನ ಪ್ರಮಾಣಪತ್ರವನ್ನು ಒಟ್ಟಿಗೆ ತೆಗೆದುಕೊಂಡು ಹೋಗಿ.

ಇನ್ನೊಂದು ಸಂಗತಿ. ನಮ್ಮ ಕಡೆ ಒಬ್ಬರೇ ಹೆಣ್ಣುಮಗಳು ಆಧಾರ್‌ನಲ್ಲಿ ಬಸವ್ವ, ಚೀಟಿಯಲ್ಲಿ ಬಸಮ್ಮ ಆಗಿರುವುದು ಸಾಮಾನ್ಯ. ಮನುಷ್ಯರಿಗೆ ಇದು ಒಂದೇ ಹೆಸರು, ತಂತ್ರಾಂಶಕ್ಕೆ ಎರಡು. ಹೆಸರುಗಳು ಸಾಕಷ್ಟು ಹೊಂದದಿದ್ದರೆ ಅರ್ಜಿಯು ತಾನಾಗಿ ಮಂಜೂರಾಗದೆ ಪರಿಶೀಲನೆಗೆ ಹೋಗುತ್ತದೆ, ಕೆಲವೊಮ್ಮೆ ತಿರಸ್ಕಾರವೂ ಆಗುತ್ತದೆ. ಹೆಸರು ಸೇರಿಸುವ ದಿನವೇ ಅಕ್ಷರ ಅಕ್ಷರ ತಾಳೆ ನೋಡಿಕೊಳ್ಳಿ. ಮಕ್ಕಳಿಗೆ 5 ಮತ್ತು 15 ವರ್ಷ ತುಂಬಿದಾಗ ಆಧಾರ್‌ನಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಬೇಕೆಂಬುದನ್ನೂ ಬರೆದಿಟ್ಟುಕೊಳ್ಳಿ.

ಇಲ್ಲಿ ನನ್ನ ಅಭಿಪ್ರಾಯವನ್ನೂ ಹೇಳಬೇಕು. ಮಗು ಹುಟ್ಟಿದ್ದನ್ನು ಸರ್ಕಾರವೇ ಇ-ಜನ್ಮ ತಂತ್ರಾಂಶದಲ್ಲಿ ದಾಖಲಿಸುತ್ತದೆ. ಕುಟುಂಬಗಳ ವಿವರವೂ ‘ಕುಟುಂಬ’ ಎಂಬ ಹೆಸರಿನ ದತ್ತಾಂಶದಲ್ಲಿ ಅದರ ಬಳಿಯೇ ಇದೆ. ಒಂದು ಕಡೆ ಬರೆದದ್ದು ಮತ್ತೊಂದು ಕಡೆಗೆ ತಾನಾಗಿ ತಲುಪಿ, ‘ನಿಮ್ಮ ಮಗುವಿನ ಹೆಸರನ್ನು ಸೇರಿಸಬೇಕೇ?’ ಎಂಬ ಒಂದು ಸಂದೇಶ ತಾಯಿಯ ಮೊಬೈಲಿಗೆ ಬರುವಂತೆ ಮಾಡಿದರೆ, ಬಾಣಂತಿಯ ಮನೆಯವರು ಅದೇ ಕಾಗದ ಹಿಡಿದು ಮೂರು ಕಚೇರಿ ಸುತ್ತುವುದು ತಪ್ಪುತ್ತದೆ. ಸರಳಗೊಳಿಸುವುದೆಂದರೆ ಇದು, ಅದೇ ಅರ್ಜಿಯನ್ನು ಮೊಬೈಲಿನಲ್ಲಿ ತುಂಬಿಸುವುದಷ್ಟೇ ಅಲ್ಲ. ಗ್ರಾಮಸಭೆಯಲ್ಲಿ, ವಾರ್ಡಿನ ಸದಸ್ಯರ ಮುಂದೆ ಈ ಬೇಡಿಕೆಯನ್ನು ಇಡಬೇಕೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಮೊಬೈಲಿನಲ್ಲಿ ನಾನೇ 14 ಅಂಕಿಯ ಆಭಾ ಸಂಖ್ಯೆಯನ್ನು ಮಾಡಿಕೊಂಡಿದ್ದೇನೆ. ಇನ್ನು ನನಗೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆಯೇ? ನಮ್ಮದು ಎಪಿಎಲ್ ಚೀಟಿ.
(ಹುಬ್ಬಳ್ಳಿಯ ಓದುಗರು)

ಉತ್ತರ: ಇಲ್ಲ. ಆಭಾ ಎಂಬುದು ನಿಮ್ಮ ಆರೋಗ್ಯದ ದಾಖಲೆಗಳನ್ನು ಒಂದೆಡೆ ಜೋಡಿಸುವ ಸಂಖ್ಯೆ ಮಾತ್ರ, ವಿಮೆಯಲ್ಲ. ಹೆಸರುಗಳು ಹತ್ತಿರವಿರುವುದರಿಂದ ಓದಿದವರೂ ಇಲ್ಲಿ ಎಡವುತ್ತಾರೆ. ಆಯುಷ್ಮಾನ್ ಕಾರ್ಡನ್ನು ಪ್ರತ್ಯೇಕವಾಗಿ ಮಾಡಿಸಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಕಾರ್ಡ್ ಒಬ್ಬೊಬ್ಬರಿಗೆ ಬೇರೆಯಾದರೂ ಈ ಮೊತ್ತ ಇಡೀ ಮನೆಗೆ ಸೇರಿದ್ದು. ಎಪಿಎಲ್ ಕುಟುಂಬಕ್ಕೆ ನಿಗದಿತ ಚಿಕಿತ್ಸಾ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ. ಉಳಿದದ್ದು ನಿಮ್ಮ ಕೈಯಿಂದ.

ಕಾರ್ಡ್ ಇದೆಯೆಂದು ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಬೇಡಿ. ತುರ್ತು ಸಂದರ್ಭವನ್ನು ಬಿಟ್ಟರೆ, ದೊಡ್ಡ ಚಿಕಿತ್ಸೆಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರೇ ರೆಫರಲ್ ಪತ್ರ ಕೊಡುತ್ತಾರೆ. ಆ ಪತ್ರ ಹಿಡಿದು ಯೋಜನೆಗೆ ನೋಂದಾಯಿತವಾದ ಆಸ್ಪತ್ರೆಗೆ ಹೋಗಿ, ಅಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗಲು ಇರುವ ಆರೋಗ್ಯ ಮಿತ್ರರನ್ನು ಕಾಣಿ. ಸಂದೇಹವಿದ್ದರೆ ಶುಲ್ಕವಿಲ್ಲದ 14555ಕ್ಕೆ ಕರೆ ಮಾಡಿ. ಕಾರ್ಡ್ ಮಾಡಿಕೊಡುತ್ತೇವೆಂದು ಯಾರಾದರೂ ಅವರಾಗಿಯೇ ಕರೆ ಮಾಡಿ ಒಟಿಪಿ ಕೇಳಿದರೆ ಮಾತ್ರ ಕೊಡಬೇಡಿ, ಫೋನ್ ಇಟ್ಟುಬಿಡಿ.